ಮೇವಿನ ಬೀಜ: ಬಿತ್ತುವ ಮೊದಲೇ ಬೆಲೆ ಕಟ್ಟುವುದು ಹೇಗೆ?

ಗೋವಿನಜೋಳ ಬೆಳೆದವರು ರಾಣೆಬೆನ್ನೂರು ಅಥವಾ ದಾವಣಗೆರೆ ಎಪಿಎಂಸಿ ಧಾರಣೆ ನೋಡಿಕೊಂಡು ಚೀಲ ಹೇರಬಹುದು. ಮೇವಿನ ಬೀಜಕ್ಕೆ ಅಂಥ ದಿನದ ಧಾರಣೆ ಇಲ್ಲ. ಕೊಳ್ಳುವವರೂ ಕೆಲವರೇ: ಹಾಲು ಒಕ್ಕೂಟಗಳು, ಪಶುಪಾಲನಾ ಇಲಾಖೆಯ ಕಿಟ್‌ಗಳಿಗೆ ಬೀಜ ಪೂರೈಸುವ ನಿಗಮಗಳು, ಖಾಸಗಿ ಬೀಜ ಕಂಪನಿಗಳು, ಇವರ ನಡುವೆ ಓಡಾಡುವ ವ್ಯಾಪಾರಿಗಳು. ಇವರೆಲ್ಲ ಬೇಡವೆಂದರೆ ಮೇವಿನ ಗೋವಿನಜೋಳ, ಅಲಸಂದೆಯನ್ನು ಕಾಳಿನ ಬೆಲೆಗಾದರೂ ಕೊಡಬಹುದು. ಗಿನಿ ಹುಲ್ಲಿನ ಬೀಜಕ್ಕೆ ಆ ದಾರಿಯೂ ಇಲ್ಲ. ಹೀಗಾಗಿ ಮೊದಲು ಮಾರಾಟ ಗಟ್ಟಿ ಮಾಡಿಕೊಂಡು ಆಮೇಲೆ ಬಿತ್ತುವುದೇ ಇಲ್ಲಿನ ಕ್ರಮ.

ಹಂತ 1: ಬೇಡಿಕೆ ಎಷ್ಟು ಬೇಗ ತುಂಬುತ್ತದೆ ನೋಡಿ

ಕಿಲೋ ಬೆಲೆ ಕೇಳುವ ಮೊದಲು ಎಕರೆಗೆ ಎಷ್ಟು ಬೀಜ ಬೇಕೆಂದು ಕೇಳಿ. ಬಹುಕಟಾವು ಮೇವಿನ ಜೋಳ ಕೊ-ಎಫ್‌ಎಸ್-29ಕ್ಕೆ ಎಕರೆಗೆ 2 ಕಿಲೋ ಬೀಜ ಸಾಕು. ನಿಮ್ಮ ಒಂದು ಎಕರೆಯಿಂದ 2 ಕ್ವಿಂಟಲ್ ಬಂದರೆ ಅದು 100 ಎಕರೆಗೆ ಆಗುತ್ತದೆ. ಒಂದೇ ಊರಿನ ಹತ್ತು ಜನ ಬೀಜಕ್ಕೆ ಬಿಟ್ಟರೆ ಇಡೀ ತಾಲ್ಲೂಕಿನ ಬೇಡಿಕೆ ಮುಗಿದಂತೆ. ಆಫ್ರಿಕನ್ ಟಾಲ್ ಗೋವಿನಜೋಳ ಹಾಗಲ್ಲ. ಮೇವಿಗೆ ಬಿತ್ತುವವರು ಎಕರೆಗೆ 20 ಕಿಲೋಗಿಂತ ಹೆಚ್ಚು ಬಳಸುತ್ತಾರೆ, ಪ್ರತಿ ಬಿತ್ತನೆಗೂ ಹೊಸದಾಗಿ ಕೊಳ್ಳುತ್ತಾರೆ. ಗಿನಿಯಂಥ ಬಹುವಾರ್ಷಿಕ ಹುಲ್ಲು ಕೊಂಡವರು ಮತ್ತೆ ಬರುವುದು ವರ್ಷಗಳ ಮೇಲೆ. ಅದರ ಜೊತೆಗೆ ಹೈಬ್ರಿಡ್ ನೇಪಿಯರ್‌ನ ಪೈಪೋಟಿ ಬೇರೆ. ನೇಪಿಯರ್ ಹಬ್ಬುವುದು ಕಡ್ಡಿಯಿಂದ, ಅದನ್ನು ನೆರೆಹೊರೆಯವರು ಪುಕ್ಕಟೆ ಕೊಡುತ್ತಾರೆ.

ಬರಗಾಲದ ಬೆಲೆಯನ್ನು ನಂಬಬೇಡಿ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದಾಗ ನೀರಾವರಿ ಇರುವ ರೈತರಿಗೆ ಸರ್ಕಾರವೇ ಮೇವಿನ ಬೀಜದ ಕಿಟ್ ಹಂಚಿತು. ಅಂಥ ಖರೀದಿ ಬರ ಇರುವ ತನಕ ಮಾತ್ರ. ಮಳೆ ಚೆನ್ನಾಗಿ ಬಂದರೆ ಬದುವಿನಲ್ಲೇ ಹುಲ್ಲು, ಬೀಜ ಗೋದಾಮಿನಲ್ಲಿ. ಆಂಧ್ರದ ಅನಂತಪುರ ಜಿಲ್ಲೆಯ ರೈತರು ದಶಕಗಳಿಂದ ಸ್ಟೈಲೋ ಎಂಬ ಮೇವಿನ ಬೆಳೆಯ ಬೀಜ ಬೆಳೆದವರು. ಅವರ ಬೀಜದ ದೊಡ್ಡ ಗಿರಾಕಿ ಅರಣ್ಯ, ಜಲಾನಯನದಂಥ ಸರ್ಕಾರಿ ಯೋಜನೆಗಳು. ಯೋಜನೆ ನಿಂತರೆ ಬೆಲೆಯೂ ಕುಸಿಯುತ್ತದೆ.

ಹಂತ 2: ನಿಮ್ಮ ಕನಿಷ್ಠ ಬೆಲೆ ಕಟ್ಟಿಕೊಳ್ಳಿ

ಅದೇ ಹೊಲದಲ್ಲಿ ಬೇರೆ ಏನು ಬೆಳೆಯಬಹುದಿತ್ತೋ ಅದೇ ಅಳತೆಗೋಲು. ಆಫ್ರಿಕನ್ ಟಾಲ್ ಲೆಕ್ಕ ಹೀಗೆ ಮಾಡಿ. ಹೈಬ್ರಿಡ್ ಗೋವಿನಜೋಳ ಎಕರೆಗೆ 22 ಕ್ವಿಂಟಲ್, 2025-26ರ ಬೆಂಬಲ ಬೆಲೆ 2,400 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು 52,800 ರೂಪಾಯಿ. ಆಫ್ರಿಕನ್ ಟಾಲ್ 8 ಕ್ವಿಂಟಲ್ ಬಂತು ಎನ್ನಿ. ಸಂಸ್ಕರಣೆಯಲ್ಲಿ ಶೇ 15 ಸಣ್ಣ, ಒಡಕು ಕಾಳು ಹೋದರೆ ಬೀಜವಾಗಿ ಉಳಿಯುವುದು 6.8 ಕ್ವಿಂಟಲ್. ತೆಗೆದುಹಾಕಿದ 1.2 ಕ್ವಿಂಟಲ್ ಕಾಳನ್ನು ಕ್ವಿಂಟಲ್‌ಗೆ 2,000ದಂತೆ ಮಾರಿದರೆ 2,400 ರೂಪಾಯಿ. ಉಳಿದ 50,400 ರೂಪಾಯಿ 6.8 ಕ್ವಿಂಟಲ್‌ನಿಂದ ಬರಬೇಕು, ಅಂದರೆ ಕಿಲೋಗೆ ಸುಮಾರು 74 ರೂಪಾಯಿ. ಹೈಬ್ರಿಡ್ ಬೀಜದ ದುಬಾರಿ ಖರ್ಚು ಉಳಿಯುವುದರಿಂದ ಇದರಲ್ಲಿ ಸ್ವಲ್ಪ ಇಳಿಯಬಹುದು. ಅನ್ಯ ಗಿಡ ಕೀಳುವ ಕೂಲಿ, ತಪಾಸಣೆ ಶುಲ್ಕ ಸೇರಿಸಿದರೆ ಮತ್ತೆ ಏರುತ್ತದೆ. ಇಳುವರಿಯ ಅಂಕಿ ಉದಾಹರಣೆಗೆ ಕೊಟ್ಟದ್ದು, ನಿಮ್ಮ ಹೊಲದ್ದನ್ನು ಹಾಕಿಕೊಳ್ಳಿ. ನಿಮ್ಮ ಎಪಿಎಂಸಿಯಲ್ಲಿ ಕಾಳು ಬೆಂಬಲ ಬೆಲೆಗಿಂತ ಕಡಿಮೆಗೆ ಹೋಗುತ್ತಿದ್ದರೆ ಆ ಬೆಲೆಯನ್ನೇ ಹಿಡಿಯಿರಿ. ಇಷ್ಟು ಲೆಕ್ಕ ಹಾಕದೆ ‘ಕಿಲೋಗೆ 50 ಕೊಡುತ್ತಾರಂತೆ’ ಎಂದು ಹಿಗ್ಗುವವರೇ ಹೆಚ್ಚು.

ಹಂತ 3: ಒಪ್ಪಂದ ಬರವಣಿಗೆಯಲ್ಲಿರಲಿ

ತಳಿ, ಮೂಲ ಬೀಜ ಯಾರು ಕೊಡುತ್ತಾರೆ, ಕಿಲೋ ಬೆಲೆ, ತೇವಾಂಶದ ಮಿತಿ, ಸಾಗಣೆ, ಹಣ ಎಷ್ಟು ದಿನಕ್ಕೆ ಎಂಬುದನ್ನೆಲ್ಲ ಬರೆಸಿಕೊಳ್ಳಿ. ಜಗಳ ಹುಟ್ಟುವುದು ಹೆಚ್ಚಾಗಿ ಎರಡು ಕಡೆ. ಒಂದು, ತೂಕ ಸಂಸ್ಕರಣೆಗೆ ಮೊದಲಿನದೋ ನಂತರದ್ದೋ ಎಂಬುದು. ಮೇಲಿನ ಲೆಕ್ಕದಲ್ಲಿ ಈ ವ್ಯತ್ಯಾಸವೇ 1.2 ಕ್ವಿಂಟಲ್. ಇನ್ನೊಂದು, ಮೊಳಕೆ ಪರೀಕ್ಷೆಯಲ್ಲಿ ಲಾಟ್ (ಒಟ್ಟಿಗೆ ಪರೀಕ್ಷೆಗೆ ಹೋಗುವ ಬೀಜದ ರಾಶಿ) ಫೇಲಾದರೆ ಬೀಜ ಯಾರದು ಎಂಬುದು. ಫಲಿತಾಂಶ ಬರುವ ಮೊದಲು ಬೀಜಕ್ಕೆ ಔಷಧಿ ಲೇಪಿಸಲು ಬಿಡಬೇಡಿ. ಲೇಪಿಸಿದ ಕಾಳನ್ನು ದನಕ್ಕೂ ಹಾಕುವಂತಿಲ್ಲ, ಮಂಡಿಗೂ ಒಯ್ಯುವಂತಿಲ್ಲ. ಬೀಜ ಕಳಿಸುವ ದಿನ ಎಲ್ಲ ಚೀಲಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ, ಎರಡು ಪಾಲು ಮಾಡಿ, ಇಬ್ಬರ ಸಹಿಯೊಂದಿಗೆ ಮುದ್ರೆ ಹಾಕಿ ಒಂದನ್ನು ನೀವು ಇಟ್ಟುಕೊಳ್ಳಿ.

ಹಂತ 4: ಹೊಲ ಆರಿಸಿ

ಪ್ರಮಾಣಿತ ಬೀಜ, ಅಂದರೆ ಪ್ರಮಾಣನ ಸಂಸ್ಥೆ ತಪಾಸಣೆ ಮಾಡಿ ಟ್ಯಾಗ್ ಕೊಡುವ ಬೀಜ, ಆಗಬೇಕಾದರೆ ಆಫ್ರಿಕನ್ ಟಾಲ್‌ಗೆ ಬೇರೆ ಗೋವಿನಜೋಳದಿಂದ 200 ಮೀಟರ್ ಅಂತರ ಬೇಕು. ಹಾವೇರಿ, ದಾವಣಗೆರೆ ಸೀಮೆಯ ಮುಂಗಾರಿನಲ್ಲಿ ಸುತ್ತಲೂ ಗೋವಿನಜೋಳವೇ ಇರುವಾಗ ಇದು ಆಗದ ಮಾತು. ನೀರಿದ್ದರೆ ಹಿಂಗಾರಿಗೆ, ಪಕ್ಕದಲ್ಲಿ ಗೋವಿನಜೋಳ ಇಲ್ಲದ ಹೊಲಕ್ಕೆ ಹಾಕಿ. ಸಾಲಿಗೆ 60, ಗಿಡಕ್ಕೆ 20 ಸೆಂ.ಮೀ. ಅಂತರ ಕೊಟ್ಟರೆ ಎಕರೆಗೆ ಸುಮಾರು 8 ಕಿಲೋ ಬೀಜ ಹಿಡಿಯುತ್ತದೆ. ಮೇವಿಗೆಂಬಂತೆ ಒತ್ತಾಗಿ ಬಿತ್ತಿ ಯೂರಿಯಾ ಸುರಿದರೆ ಎತ್ತರದ ದಂಟು ತೆನೆ ಭಾರಕ್ಕೆ ಮಲಗುತ್ತದೆ, ನೆಲ ತಾಗಿದ ತೆನೆಗೆ ಬೂಷ್ಟು ಹಿಡಿಯುತ್ತದೆ. ಮೇವಿನ ಅಲಸಂದೆಗೆ ಅಂತರದ ಕಾಟ ಕಡಿಮೆ, 5 ಮೀಟರ್ ಸಾಕು. ಕುದುರೆ ಮೆಂತ್ಯದಲ್ಲಿ ಕಸ್ಕ್ಯೂಟ ಎಂಬ ಹಳದಿ ಪರಾವಲಂಬಿ ಬಳ್ಳಿ ಕಂಡರೆ ಆ ಜಾಗದ ಬೆಳೆಯನ್ನೂ ಸೇರಿಸಿ, ಅದು ಹೂ ಬಿಡುವ ಮೊದಲೇ ಕಿತ್ತು ಸುಡಿ. ಅದರ ಬೀಜ ಬೆರೆತ ಲಾಟ್ ತಪಾಸಣೆಯಲ್ಲಿ ಬೀಳುತ್ತದೆ.

ಹಂತ 5: ಹುಲ್ಲಿನ ಬೀಜಕ್ಕೆ ಜೀವಂತ ಕಾಳಿನ ಲೆಕ್ಕ

ಗಿನಿ ಹುಲ್ಲಿನ ಪ್ರಮಾಣಿತ ಬೀಜಕ್ಕೆ ಕನಿಷ್ಠ ಶುದ್ಧತೆ ಶೇ 80, ಮೊಳಕೆ ಶೇ 20. ಎರಡನ್ನೂ ಗುಣಿಸಿದರೆ ಶೇ 16, ಅಂದರೆ ಕಿಲೋದಲ್ಲಿ ಮೊಳೆಯುವುದು 160 ಗ್ರಾಂ. ಕಿಲೋಗೆ 600 ರೂಪಾಯಿಯ ಈ ಬೀಜದಲ್ಲಿ ಜೀವಂತ ಕಾಳಿನ ಬೆಲೆ ಕಿಲೋಗೆ 3,750 ರೂಪಾಯಿ. ಅಷ್ಟೇ ಶುದ್ಧವಾಗಿದ್ದು ಶೇ 40 ಮೊಳೆಯುವ ಬೀಜವನ್ನು 900ಕ್ಕೆ ಕೊಟ್ಟರೂ ಕೊಳ್ಳುವವನಿಗೆ ಅದು ಸುಮಾರು 2,810ಕ್ಕೇ ಬೀಳುತ್ತದೆ. ಒಳ್ಳೆಯ ಬೀಜ ಬೆಳೆದವರು ಚೌಕಾಸಿಗೆ ಕೂರುವಾಗ ಈ ಗುಣಾಕಾರವನ್ನು ಕಾಗದದ ಮೇಲೆ ತೋರಿಸಬೇಕು.

ಮೊಳಕೆ ಕಡಿಮೆಯಾಗಲು ಕಾರಣ ಕೊಯ್ಲಿನಲ್ಲೇ ಇದೆ. ಗಿನಿಯ ತೆನೆ ಒಟ್ಟಿಗೆ ಮಾಗುವುದಿಲ್ಲ. ತುದಿಯ ಕಾಳು ಉದುರುತ್ತಿರುವಾಗ ಬುಡದಲ್ಲಿ ಹಾಲು ತುಂಬಿರುತ್ತದೆ. ಒಮ್ಮೆಲೇ ಕೊಯ್ದರೆ ಅರ್ಧಕ್ಕರ್ಧ ಜೊಳ್ಳು. ಕೂಲಿ ಸಿಗುವುದಾದರೆ ತೆನೆಯನ್ನು ಬಟ್ಟೆ ಅಥವಾ ನೈಲಾನ್ ಚೀಲದೊಳಗೆ ಬಗ್ಗಿಸಿ ಮೆಲ್ಲಗೆ ಕೊಡವಿ. ಮಾಗಿದ್ದು ಬೀಳುತ್ತದೆ, ಉಳಿದದ್ದಕ್ಕೆ ಎರಡು ಮೂರು ದಿನ ಬಿಟ್ಟು ಮತ್ತೆ ಹೋಗಿ. ಒಣಗಿಸುವುದು ನೆರಳಲ್ಲಿ. ಹೊಸ ಬೀಜಕ್ಕೆ ಸುಪ್ತಾವಸ್ಥೆ (ಜೀವವಿದ್ದೂ ಕೆಲಕಾಲ ಮೊಳೆಯದ ಸ್ಥಿತಿ) ಇರುವುದರಿಂದ ಕೊಯ್ದ ಕೂಡಲೇ ಪರೀಕ್ಷೆಗೆ ಕಳಿಸಿದರೆ ಒಳ್ಳೆಯ ಲಾಟ್ ಕೂಡ ಬೀಳಬಹುದು. ಕೆಲವು ತಿಂಗಳು ಒಣ ಜಾಗದಲ್ಲಿಟ್ಟು ಕಳಿಸಿ. ಟ್ಯಾಗ್‌ನ ಅವಧಿ ಪರೀಕ್ಷೆಯ ದಿನದಿಂದ 9 ತಿಂಗಳು. ಹೀಗಾಗಿ ಕಾದು ಕಳಿಸಿದರೆ ಮಾರುವ ದಿನಗಳೂ ವ್ಯರ್ಥವಾಗುವುದಿಲ್ಲ.

ಸ್ಟೈಲೋ ಬೀಜ ನೆಲಕ್ಕೆ ಉದುರುತ್ತದೆ, ಗುಡಿಸಿಯೇ ಒಟ್ಟುಮಾಡಬೇಕು. ಹೊಲವನ್ನು ಮೊದಲೇ ಸಮ ಮಾಡಿಟ್ಟಿರದಿದ್ದರೆ ಮಣ್ಣು, ಮರಳು ಸೇರಿ ಪ್ರಮಾಣಿತ ಬೀಜಕ್ಕೆ ಬೇಕಾದ ಶೇ 90ರ ಶುದ್ಧತೆ ದಕ್ಕುವುದಿಲ್ಲ.

ಹಂತ 6: ಯಾವ ಚೀಟಿ, ಯಾವಾಗ ಮಾರಾಟ

ಪ್ರಮಾಣಿತ ಬೀಜಕ್ಕೆ ನೀಲಿ ಟ್ಯಾಗ್. ಅದಕ್ಕಾಗಿ ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯಲ್ಲಿ ಹೊಲ ನೋಂದಾಯಿಸಬೇಕು. ಮೂಲ ಬೀಜದ ಬಿಲ್ಲು, ಟ್ಯಾಗ್ ಎಸೆಯಬೇಡಿ. ಟಿಎಲ್ (ಟ್ರೂತ್‌ಫುಲಿ ಲೇಬಲ್ಡ್) ಬೀಜಕ್ಕೆ ಹಸಿರು ಚೀಟಿ, ಅದರ ಮೇಲೆ ಬರೆದದ್ದಕ್ಕೆ ಮಾರುವವನೇ ಹೊಣೆ. ನಿಮ್ಮ ಬೀಜವನ್ನು ಹೆಸರು, ಬ್ರಾಂಡ್ ಇಲ್ಲದೆ ಇನ್ನೊಬ್ಬ ರೈತನಿಗೆ ಮಾರಲು 2001ರ ಸಸ್ಯ ತಳಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುತ್ತದೆ. ಅಂಗಡಿ ತೆರೆದು ಮಾರುವುದಾದರೆ 1983ರ ಬೀಜ ನಿಯಂತ್ರಣ ಆದೇಶದಂತೆ ಪರವಾನಗಿ ಕಡ್ಡಾಯ.

ಮುಂಗಾರು ಬಿತ್ತನೆಗೆ ಬೀಜ ಕೊಳ್ಳುವವರು ಏಪ್ರಿಲ್, ಮೇ ತಿಂಗಳಲ್ಲೇ ದಾಸ್ತಾನು ಮಾಡಿಕೊಳ್ಳುತ್ತಾರೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕೊಯ್ದ ಹಿಂಗಾರಿನ ಗೋವಿನಜೋಳ, ಅಲಸಂದೆ ಅದಕ್ಕೆ ಸರಿಯಾಗಿ ಸಿದ್ಧವಾಗುತ್ತದೆ. ಜುಲೈ ದಾಟಿದ ಮೇಲೆ ಮೂಟೆ ಹಿಡಿದು ಹೊರಟರೆ ಕೇಳಿದ ಬೆಲೆಗೆ ಕೊಟ್ಟು ಬರಬೇಕಾಗುತ್ತದೆ. ಆ ಹೊತ್ತಿಗೆ ಉಳಿದ ಅಲಸಂದೆಗೆ ಹುಳು ಬೀಳುವ ಮುನ್ನ ಅದನ್ನು ಕಾಳಾಗಿ ಮಾರಿಬಿಡುವುದೇ ವಾಸಿ.