ದಾರ ತೆಗೆದ ಮೇಲೆ ಮೆಷಿನ್ ಕೆಲಸಕ್ಕೆ ಬಂತು

ಹೋದ ಫೆಬ್ರವರಿಯಲ್ಲಿ ನಲವತ್ತು ಬ್ಲೌಸಿನ ಆರ್ಡರ್ ಮುಗಿಸಿ ಕೊಟ್ಟೆ. ನಲವತ್ತಕ್ಕೂ ಲಂಬಾಣಿ ಕೈಕಸೂತಿ, ಮೂರು ಸೈಜು. ಒಂದೂ ವಾಪಸ್ ಬರಲಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತ ಎಂಬ್ರಾಯ್ಡರಿ ಮೆಷಿನ್ ಇಟ್ಟವರೆಲ್ಲ "ಕೈಕೆಲಸ ಬಲ್ಕ್‌ನಾಗ ಆಗಂಗಿಲ್ಲ ಬಿಡ್ರಿ ಅಕ್ಕ" ಅಂದಿದ್ದರು. ಆಯಿತು. ಹೇಗಾಯಿತು ಅಂತ ಬರೆಯುತ್ತಿದ್ದೇನೆ. ಪಂಚಿಂಗ್ (ಡಿಸೈನನ್ನು ಮೆಷಿನ್ ಓದುವ ಫೈಲ್ ಮಾಡುವುದು), ಫ್ರೇಮು (ಬಟ್ಟೆ ಬಿಗಿಯುವ ಚೌಕಟ್ಟು), ಬಾಬಿನ್ (ಕೆಳಗಿನ ದಾರದ ಉರುಳೆ) ಗೊತ್ತಿದ್ದವರಿಗಾಗಿ ಇದು. ಅ ಆ ಇ ಈಯಿಂದ ಹೇಳಲು ಹೋಗುವುದಿಲ್ಲ.

ನಾನು ಚಿಂಚೋಳಿ ಕಡೆಯ ತಾಂಡಾದವಳು. ನಮ್ಮ ಯಾಡಿ, ಅಂದರೆ ನಮ್ಮವ್ವ, ಇವತ್ತಿಗೂ ಫೇಟಿಯಾ ಲಂಗ, ಕಾಂಚಳಿ ರವಿಕೆಯನ್ನೇ ತೊಡುತ್ತಾಳೆ. 2021ರಲ್ಲಿ ಸೆಕೆಂಡ್ ಹ್ಯಾಂಡ್ ಮೆಷಿನ್ ತಗೊಂಡೆ. ಸಿಂಗಲ್ ಹೆಡ್, 12 ಸೂಜಿ. ಸುಮಾರು 3 ಲಕ್ಷ 20 ಸಾವಿರ ಬಿತ್ತು. ಕಂತು ತಿಂಗಳಿಗೆ ಒಂಬತ್ತು ಸಾವಿರದ ಹತ್ತಿರ. ಮದುವೆ ಬ್ಲೌಸಿನ ಕೆಲಸದಲ್ಲಿ ಕಂತು ಹೋಗುತ್ತಿತ್ತು. ಆದರೆ ನನ್ನ ಆಸೆ ಬೇರೆ ಇತ್ತು. ಯಾಡಿಯ ಪೆಟ್ಟಿಗೆಯಲ್ಲಿದ್ದ ಹಳೇ ಕಾಂಚಳಿಯ ಕಸೂತಿ ಮತ್ತೆ ಹೆಣ್ಣುಮಕ್ಕಳ ಮೈಮೇಲೆ ಬರಬೇಕು ಅನ್ನೋದು.

ಮೊದಲು ಆ ಕಸೂತಿಯನ್ನು ಮೆಷಿನ್ನಿನಲ್ಲೇ ಹೊಲಿಸಿದೆ. ಒಂದು ಡಿಸೈನಿಗೆ ಆರುನೂರು, ಏಳುನೂರು ಕೊಟ್ಟು ಹೊರಗೆ ಪಂಚಿಂಗ್ ಮಾಡಿಸಿದೆ. ಕನ್ನಡಿ ಇಟ್ಟ ಕಡೆ ಸೂಜಿ ಬಿದ್ದರೆ ಕನ್ನಡಿಯೂ ಹೋಯಿತು, ಸೂಜಿಯೂ ಹೋಯಿತು. ಆಮೇಲೆ ಕನ್ನಡಿ ಬದಲು ಪ್ಲಾಸ್ಟಿಕ್ ಹಾಕಿದೆ. ಕೈಮಗ್ಗದ ಬಟ್ಟೆ ಒತ್ತು ಹೊಲಿಗೆ ತಡೆಯದೆ ಮುದುಡಿತು. ಹದಿನೆಂಟು ಬ್ಲೌಸ್ ಹೊಲಿದಿದ್ದೆ, ಹನ್ನೊಂದು ವಾಪಸ್ ಬಂದವು. ಇಪ್ಪತ್ತೆರಡು ಸಾವಿರದ ಹತ್ತಿರ ನಷ್ಟ.

ಅದರಲ್ಲೇ ಚೆನ್ನಾಗಿ ಬಂದಿದ್ದ ಒಂದನ್ನು ಯಾಡಿಗೆ ಕೊಟ್ಟೆ. ಅವಳು ಮುಂದಿನ ಭಾಗ ನೋಡಲೇ ಇಲ್ಲ. ಸೀದಾ ತಿರುಗಿಸಿ ಹಿಂಭಾಗ ನೋಡಿದಳು. ಅಲ್ಲಿ ಬರೀ ಬಾಬಿನ್ನಿನ ಬಿಳಿ ದಾರ ಮತ್ತು ಬಟ್ಟೆಯ ಅಡಿಗೆ ಇಟ್ಟ ಪೇಪರ್. ಮಡಚಿ ಪಕ್ಕಕ್ಕಿಟ್ಟು ಚಹಾ ಮಾಡಲು ಎದ್ದಳು. ನಮ್ಮಲ್ಲಿ ಕಸೂತಿಯ ಬೆಲೆ ಕಟ್ಟುವುದು ಹಿಂಭಾಗ ನೋಡಿಯೇ. ಗಂಟು ಎಲ್ಲಿದೆ, ದಾರ ಎಷ್ಟು ದೂರ ಹಾರಿದೆ ಅಂತ. ಮೆಷಿನ್ ಹೊಲಿಗೆಯನ್ನು ನಾನು ಅವತ್ತೇ ಕೈಬಿಟ್ಟೆ.

ಇದರ ನಡುವೆ ಇನ್ನೊಂದು ಪೆಟ್ಟು. ನಾನು ಪಂಚಿಂಗಿಗೆ ಕೊಟ್ಟ ಯಾಡಿಯ ಡಿಸೈನು ಎರಡೇ ತಿಂಗಳಲ್ಲಿ ಬೇರೆ ಅಂಗಡಿಗಳ ಪೆನ್ ಡ್ರೈವ್‌ನಲ್ಲಿ ಓಡಾಡುತ್ತಿತ್ತು. ಮಾಡಿದವರ ಹೆಸರು ಬೇಡ. ಅವತ್ತಿನಿಂದ ಹೊರಗೆ ಒಂದು ಫೈಲೂ ಕೊಟ್ಟಿಲ್ಲ. ದುಡ್ಡಿನ ಸಾಫ್ಟ್‌ವೇರ್ ನನ್ನ ಕೈಗೆ ಎಟುಕುವಂಥದ್ದಲ್ಲ. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಒಳಗೆ ಕೂರುವ ಇಂಕ್‌ಸ್ಟಿಚ್ ಉಚಿತವಾಗಿ ಸಿಗುತ್ತೆ, ಮೆಷಿನ್ ಓದುವ ಡಿಎಸ್‌ಟಿ ಫೈಲ್ ಕೊಡುತ್ತೆ. ಹಿಂದಿ ವಿಡಿಯೊ ನೋಡಿ ನಾಲ್ಕೈದು ತಿಂಗಳಲ್ಲಿ ಕಲಿತೆ. ಕೈ ಕುದುರಿದರೆ ಸಾಕು, ನಮ್ಮ ಕೆಲಸಕ್ಕೆ ಅದೇ ಜಾಸ್ತಿ.

ಸರಿ, ಕೈಯಲ್ಲೇ ಮಾಡಿಸೋಣ ಅಂತ ತಾಂಡಾದ ಹೆಣ್ಣುಮಕ್ಕಳಿಗೆ ಕೊಟ್ಟೆ. ಕೆಲಸ ಚಿನ್ನದಂಥದ್ದು. ಆದರೆ ಹತ್ತು ಜನ ಮಾಡಿದರೆ ಹತ್ತು ಅಳತೆ. ಒಬ್ಬರ ಕೊರಳಪಟ್ಟಿಯಲ್ಲಿ ಒಂಬತ್ತು ಕನ್ನಡಿ, ಇನ್ನೊಬ್ಬರದ್ದರಲ್ಲಿ ಹನ್ನೊಂದು. ಒಂದೊಂದಾಗಿ ಮಾರಲು ಅದೇ ಚಂದ. ಆರ್ಡರಿಗೆ ಆಗುವುದಿಲ್ಲ. ಖಾಕಾ, ಅಂದರೆ ಗೆರೆಗುಂಟ ತೂತು ಚುಚ್ಚಿದ ಪೇಪರ್, ಮಾಡಿ ಕೊಟ್ಟೆ. ಅದನ್ನು ಬಟ್ಟೆ ಮೇಲಿಟ್ಟು ಪುಡಿ ತಿಕ್ಕಿದರೆ ಗೆರೆ ಬಟ್ಟೆಗೆ ಇಳಿಯುತ್ತೆ. ಟ್ರೇಸಿಂಗ್ ಪೇಪರಿನ ಮೇಲೆ ಕೈಯಿಂದ ಸೂಜಿ ಚುಚ್ಚುತ್ತಾ ಕೂತರೆ ಒಂದಕ್ಕೆ ಅರ್ಧ ದಿನ. ಸೈಜು ಬದಲಾದರೆ ಮತ್ತೊಂದು ಅರ್ಧ ದಿನ. ಬೆರಳು ಬೊಬ್ಬೆ.

ಹಾದಿ ಸಿಕ್ಕಿದ್ದು ಒಂದು ಮಧ್ಯಾಹ್ನ. ಮೇಲಿನ ದಾರ ಕಡಿದದ್ದು ಗೊತ್ತಾಗಲಿಲ್ಲ, ಸೆನ್ಸರ್ ಕೆಟ್ಟಿತ್ತು. ಮೆಷಿನ್ ಸುಮ್ನೆ ಓಡುತ್ತಲೇ ಇತ್ತು. ಫ್ರೇಮ್ ಬಿಚ್ಚಿ ಕೆಳಗಿನ ಪೇಪರನ್ನು ಬಾಗಿಲ ಬೆಳಕಿಗೆ ಹಿಡಿದೆ. ಎಲೆಯ ಆಕಾರ ಪೂರ್ತಿ, ಸಣ್ಣ ಸಣ್ಣ ತೂತಿನಲ್ಲಿ, ಕೂದಲೆಳೆ ಆಚೀಚೆ ಇಲ್ಲ. ಖಾಕಾ! ನಾನು ಅರ್ಧ ದಿನ ಕೂತು ಚುಚ್ಚುವುದನ್ನು ಇದು ಚುಚ್ಚಿ ಇಟ್ಟಿದೆ.

ಪಂಚಿಂಗ್ ಅನ್ನೋ ಹೆಸರು ಬಂದದ್ದೇ ಹಳೇ ಕಾಲದ ತೂತು ಹಾಕಿದ ಕಾರ್ಡು, ಪಟ್ಟಿಗಳಿಂದ. 1804ರ ಜಾಕ್ವಾರ್ಡ್ ಮಗ್ಗದ ಕಾಲದಿಂದ ತೂತು ನೋಡಿ ಬಟ್ಟೆ ಮೇಲೆ ಚಿತ್ತಾರ ಮೂಡಿಸುತ್ತಾ ಬಂದಿದ್ದಾರೆ. ಕಂಪ್ಯೂಟರ್ ಬಂದ ಮೇಲೆ ತೂತು ಹೋಯಿತು, ಹೆಸರು ಉಳಿಯಿತು. ನಾನು ಕಂಪ್ಯೂಟರಿನಿಂದ ಮತ್ತೆ ತೂತಿಗೆ ಬಂದೆ.

ಈಗ ಮಾಡುವುದು ಹೀಗೆ. ಫ್ರೇಮಿಗೆ ನಾನ್ ವೋವನ್ ಪೇಪರ್ ಹಾಕಿ, ಅದರ ಮೇಲೆ ಬಟರ್ ಪೇಪರನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಕೂರಿಸುತ್ತೇನೆ. ಬಟರ್ ಪೇಪರನ್ನೇ ಫ್ರೇಮಿಗೆ ಹಾಕಬೇಡಿ, ಹರಿಯುತ್ತೆ. ದಾರ ಬೇಡ, ಬಾಬಿನ್ ಕೇಸ್ ತೆಗೆದಿಡಿ. ದಾರ ಕಡಿತದ ಸೆನ್ಸರ್ ಆಫ್ ಮಾಡಲೇಬೇಕು, ಇಲ್ಲವಾದರೆ ಹೆಜ್ಜೆಗೊಮ್ಮೆ ನಿಲ್ಲುತ್ತೆ. ಪೇಪರ್ ಚುಚ್ಚಿದರೆ ಸೂಜಿ ಮೊಂಡಾಗುತ್ತೆ. ಅದಕ್ಕೆ 12ನೇ ಸೂಜಿಯನ್ನು ಬೇರೆ ಇಟ್ಟಿದ್ದೇನೆ, ಅದರಲ್ಲಿ ಬಟ್ಟೆ ಮುಟ್ಟುವುದಿಲ್ಲ. ಕೊರಳಪಟ್ಟಿಗೆ ಎರಡೂವರೆ ಸಾವಿರ ತೂತು, ನಾಲ್ಕು ನಿಮಿಷದಲ್ಲಿ ಮುಗಿಯಿತು.

ಮೊದಲ ಖಾಕಾ ಮಾತ್ರ ಅಂಚೆ ಚೀಟಿ ಹರಿದ ಹಾಗೆ ಗೆರೆಗುಂಟ ಕಿತ್ತು ಬಂತು. ತೂತು ಒತ್ತೊತ್ತಾಗಿತ್ತು. ಎರಡನೆಯದರಲ್ಲಿ ದೂರ ದೂರ ಮಾಡಿದೆ, ಪುಡಿ ಸರಿಯಾಗಿ ಇಳಿಯಲಿಲ್ಲ. ಏಳನೆಯದಕ್ಕೆ ಸರಿಯಾದ ಅಂತರ ಸಿಕ್ಕಿತು. ರನ್ನಿಂಗ್ ಸ್ಟಿಚ್ (ಸಾಲು ಹೊಲಿಗೆ) ಉದ್ದ ಬದಲಿಸಿ ನೀವೂ ಕಂಡುಕೊಳ್ಳಬಹುದು. ನನ್ನ ಅಂಕಿ ನನ್ನ ಹತ್ತಿರವೇ ಇರಲಿ. ಪುಡಿಯದ್ದೂ ಅಷ್ಟೇ. ಎಲ್ಲರೂ ಜಿಂಕ್ ಪೌಡರ್, ಸೀಮೆಎಣ್ಣೆ ಕಲಸುತ್ತಾರೆ. ವಾಸನೆ ಹೋಗುವುದಿಲ್ಲ, ಕೈ ಉರಿಯುತ್ತೆ ಅಂತ ಹೆಣ್ಣುಮಕ್ಕಳು ದೂರುತ್ತಿದ್ದರು. ನಾನು ಸೀಮೆಎಣ್ಣೆ ಬಿಟ್ಟು ಬೇರೆ ಹಾಕುತ್ತೇನೆ. ಅದು ಒಂದೇ ಒಗೆತಕ್ಕೆ ಹೋಗುತ್ತೆ, ಇಷ್ಟು ಹೇಳಬಲ್ಲೆ.

ಹಳೇ ಬಟ್ಟೆಯನ್ನು ಫೋನಿನಲ್ಲಿ ಹೊಡೆದರೆ ಅಂಚು ಬಾಗುತ್ತೆ. ನಾನು ಪ್ರಿಂಟರ್ ಜೊತೆ ಬರುವ ಸ್ಕ್ಯಾನರಿನಲ್ಲೇ 600 ಡಿಪಿಐ ಇಟ್ಟು ಮಾಡುತ್ತೇನೆ. ಕನ್ನಡಿಗಳೆಲ್ಲ ಕಪ್ಪು ಚುಕ್ಕೆಯಾಗಿ ಬಂದಾಗ ಸ್ಕ್ಯಾನ್ ಕೆಟ್ಟಿತು ಅಂದುಕೊಂಡೆ. ಸ್ಕ್ಯಾನರ್ ಬೆಳಕು ಓರೆಯಾಗಿ ಬೀಳುತ್ತೆ, ಕನ್ನಡಿ ಅದನ್ನು ಆಚೆ ಕಡೆ ಎಸೆದುಬಿಡುತ್ತೆ. ಅದಕ್ಕೇ ಕಪ್ಪು. ಆದರೆ ಅದೇ ಲಾಭಕ್ಕೆ ಬಂತು. ಕಪ್ಪು ಬಣ್ಣ ಒಮ್ಮೆ ಆರಿಸಿದರೆ ಇಪ್ಪತ್ತು ಕನ್ನಡಿಯ ಜಾಗ ಒಟ್ಟಿಗೇ ಸಿಗುತ್ತೆ.

ಸೈಜಿನಲ್ಲಿ ಎಡವಿದ್ದು ಹೇಳಬೇಕು, ಯಾಕಂದರೆ ನೀವೂ ಅಲ್ಲೇ ಎಡವುತ್ತೀರಿ. ದೊಡ್ಡ ಸೈಜಿಗೆ ಡಿಸೈನ್ ಪೂರ್ತಿ ಎಳೆದು ಹಿಗ್ಗಿಸಿದೆ. ಕನ್ನಡಿಯ ಸುತ್ತಿನ ಗೆರೆಯೂ ಹಿಗ್ಗಿತು. ಡಬ್ಬಿಯಲ್ಲಿರುವ ಕನ್ನಡಿ ಹಿಗ್ಗುತ್ತದಾ? 18 ಮಿಲಿಮೀಟರ್ ಕನ್ನಡಿ 21ರ ಸುತ್ತಿನಲ್ಲಿ ನಿಲ್ಲದೆ ಜಾರಿತು. ಆರು ಪೀಸ್ ಬಿಚ್ಚಿಸಿದೆ, ಬಿಚ್ಚಿದ್ದಕ್ಕೂ ಕೂಲಿ ಕೊಟ್ಟೆ. ಈಗ ಕನ್ನಡಿ ಮುಟ್ಟುವುದಿಲ್ಲ, ಕನ್ನಡಿಗಳ ನಡುವಿನ ಚಿತ್ತಾರ ಮಾತ್ರ ಹಿಗ್ಗಿಸುತ್ತೇನೆ, ಬೇಕಾದರೆ ಒಂದು ಹೂವು ಸೇರಿಸುತ್ತೇನೆ. ಇದನ್ನು ಯಾಡಿಗೆ ಹೇಳಿದರೆ, "ನಾವೂ ಹಂಗೇ ಮಾಡ್ತಿದ್ದೆವಲ್ಲ, ದಪ್ಪ ಸೊಸೆ ಬಂದರ ಒಂದು ಹೂ ಜಾಸ್ತಿ" ಅಂದಳು. ಮೊದಲೇ ಕೇಳಿದ್ದರೆ ಆರು ಪೀಸ್ ಉಳಿಯುತ್ತಿತ್ತು.

ನಡುವೆ ಎಐ ಆ್ಯಪಿನಲ್ಲೂ ಡಿಸೈನ್ ಕೇಳಿ ನೋಡಿದೆ. ಬಂಜಾರ ಕಸೂತಿ ಅಂದರೆ ಒಂಟೆ, ನವಿಲು ಬಿಡಿಸಿತು. ಬಣ್ಣ ಭಾರಿ ಚಂದ. ಹತ್ತಿರ ಎಳೆದು ನೋಡಿದರೆ ದಾರ ಎಲ್ಲಿಂದ ಹೊರಟು ಎಲ್ಲಿ ಇಳಿಯುತ್ತೆ ಅನ್ನೋದೇ ಇಲ್ಲ. ಹೊಲಿಯಲಾಗದ ಕಸೂತಿ ಅದು. ಎರಡು ವಾರ ಹಾಳು ಮಾಡಿ ಬಿಟ್ಟೆ. ಅದರ ಬದಲು ಹೊಲಿಗೆಗಳ ಹೆಸರನ್ನು ಯಾಡಿಯ ಬಾಯಲ್ಲಿ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಕೀಲನ್, ವೇಲೆ, ಮಾಕಿ. ಈಗ ನನ್ನ ಫೈಲುಗಳಿಗೂ ಅವೇ ಹೆಸರು.

ಆರ್ಡರ್ ಹೈದರಾಬಾದಿನ ಒಂದು ಬೊಟಿಕ್‌ನಿಂದ ನವೆಂಬರಿನಲ್ಲಿ ಬಂತು. ಫೆಬ್ರವರಿ 15ರ ನಮ್ಮ ಗುರು ಸಂತ ಸೇವಾಲಾಲ್ ಜಯಂತಿಗೆ ಅಲ್ಲಿನ ನಮ್ಮ ಹೆಣ್ಣುಮಕ್ಕಳ ಗುಂಪಿಗೆ ಬೇಕಿತ್ತು. ನಮ್ಮ ಕಡೆ ಡಿಸೆಂಬರ್, ಜನವರಿ ಅಂದರೆ ತೊಗರಿ ರಾಶಿ. ಹೊಲದ ಕೂಲಿ ಬಿಟ್ಟು ಸೂಜಿ ಹಿಡಿ ಅಂದರೆ ಯಾರು ಕೇಳುತ್ತಾರೆ? ಭಾವ "ಇದು ಆಗೋ ಮಾತಲ್ಲ" ಅಂದರು. 2023ರಲ್ಲಿ ಹಂಪಿಯ ಜಿ20 ಸಭೆಯಲ್ಲಿ ಸಂಡೂರಿನವರು 1,755 ಲಂಬಾಣಿ ಕಸೂತಿ ವಸ್ತು ಇಟ್ಟು ಗಿನ್ನೆಸ್ ದಾಖಲೆ ಮಾಡಿದ್ದರಲ್ಲ, ಆ ವಿಡಿಯೊ ತೋರಿಸಿದೆ. ಅವರ ಕೈಯಲ್ಲಿ ಅಷ್ಟಾದರೆ ನಮ್ಮ ಕೈಯಲ್ಲಿ ನಲವತ್ತು ಆಗುವುದಿಲ್ಲವಾ ಅಂದೆ. ಹಾಗಂತ ನಮ್ಮದನ್ನು ಸಂಡೂರಿನ ಹೆಸರಲ್ಲಿ ಮಾರುವುದಿಲ್ಲ. ಆ ಜಿಐ ಗುರುತು, ಅಂದರೆ ಊರಿನ ಹೆಸರಿಗೆ ಸಿಗುವ ಸರ್ಕಾರಿ ಗುರುತು, ಅವರದ್ದು.

ಹದಿನಾಲ್ಕು ಜನ ಬಂದರು. ಬರೆದ ಗೆರೆ ಕಣ್ಣಿಗೆ ಕಾಣುವುದರಿಂದ ಹೊಲದಿಂದ ಬಂದ ಮೇಲೆ ಸಂಜೆ ಒಂದೆರಡು ತಾಸು ಕೂತರೂ ಕೆಲಸ ಮುಂದೆ ಹೋಗುತ್ತಿತ್ತು. ನಡುವೆ ಬಿಟ್ಟರೆ ಇನ್ನೊಬ್ಬಳು ಮುಂದುವರಿಸಬಹುದು. ಒಂದು ಪೀಸಿಗೆ ಕೂಲಿ 900 ಕೊಟ್ಟೆ. ಮೊದಲು ಮಧ್ಯವರ್ತಿಗಳು ಕೊಡುತ್ತಿದ್ದದ್ದು 350, 400. ಯಾರ ಹಳೇ ಕಾಂಚಳಿ ಸ್ಕ್ಯಾನ್ ಮಾಡುತ್ತೇನೋ ಅವರಿಗೆ ಪೀಸಿಗೆ 50 ರೂಪಾಯಿ ಬೇರೆ. ನನ್ನ ಡಿಸೈನ್ ಕದ್ದಾಗ ಆದ ಸಂಕಟ ಮರೆತಿಲ್ಲ, ಬೇರೆಯವರದ್ದನ್ನು ನಾನು ಪುಕ್ಕಟೆ ತಗೊಳ್ಳುವುದಿಲ್ಲ. ಒಂದು ಬ್ಲೌಸ್ 2,300ಕ್ಕೆ ಹೋಯಿತು. ಬಟ್ಟೆ, ದಾರ, ಕನ್ನಡಿ, ಹೊಲಿಗೆ, ಬಸ್ ಚಾರ್ಜ್ ಎಲ್ಲ ಕಳೆದು ನನ್ನ ಕೈಗೆ ಇಪ್ಪತ್ತೆಂಟು ಸಾವಿರ ಚಿಲ್ಲರೆ ಉಳಿಯಿತು. ದುಡ್ಡಿಗಿಂತ ಹೆಚ್ಚು ಖುಷಿ ಕೊಟ್ಟದ್ದು ಬೇರೆ. ಬೊಟಿಕ್‌ನವರು ಒಂದು ಬ್ಲೌಸಿನ ಹಿಂಭಾಗದ ಫೋಟೊ ಕಳಿಸಿ "ಇದನ್ನೂ ಗಿರಾಕಿಗೆ ತೋರಿಸ್ತೀವಿ" ಅಂದರು. ಯಾಡಿಗೆ ಆ ಫೋಟೊ ತೋರಿಸಿದೆ. ಬೆರಳಿನಿಂದ ದೊಡ್ಡದು ಮಾಡಿ ನೋಡಿ, ಇದು ಯಾರ ಕೈ ಅಂತ ಹೇಳಿದಳು. ಸರಿಯಾಗಿಯೇ ಹೇಳಿದಳು.

ಈಗ ತಲೆ ಮೇಲೆ ಹೊದೆಯುವ ಟುಕ್ರಿಯ ಅಂಚು ಹಿಡಿದಿದ್ದೇನೆ. ಉದ್ದದ ಬಟ್ಟೆ, ಒಂಬತ್ತು ಸಲ ಸರಿಸಿ ಸ್ಕ್ಯಾನ್ ಮಾಡಿ ಜೋಡಿಸಬೇಕು. ಕವಡೆ ಇರುವ ಕಡೆ ಬಟ್ಟೆ ಗಾಜಿಗೆ ಕೂರುವುದಿಲ್ಲ, ಸುತ್ತಲಿನ ಹೊಲಿಗೆ ಮಸುಕಾಗುತ್ತೆ. ಕವಡೆ ಬಿಚ್ಚಲು ಯಾಡಿ ಒಪ್ಪುತ್ತಿಲ್ಲ, ಅವು ಅವಳ ಅವ್ವ ಹೊಲಿದವು. ಬಿಚ್ಚದೆಯೇ ಮಾಡುವ ಹಾದಿ ಹುಡುಕುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಮಾಡಿದ್ದರೆ ತಿಳಿಸಿ.