ಹಾಡೋ ಕೌಬಾಯ್ ಸಿನಿಮಾ ನೋಡೋರು ಮೊದ್ಲು ಪೂರ್ತಿ ಪ್ರಿಂಟ್ ಹುಡುಕಿ

ಹಾಲಿವುಡ್‌ನ ಹಳೇ ಹಾಡೋ ಕೌಬಾಯ್ ಹೀರೋಗಳಾದ ಜೀನ್ ಆಟ್ರಿ, ರಾಯ್ ರಾಜರ್ಸ್ ಸಿನಿಮಾ ನೋಡೋಕೆ ಕೂರೋ ಮುಂಚೆ ಅದು ಎಷ್ಟು ನಿಮಿಷ ಇದೆ ಅಂತ ಚೆಕ್ ಮಾಡ್ಕೊಳ್ಳಿ. ಈ ಹಳೇ ಬಿ ವೆಸ್ಟರ್ನ್‌ಗಳು (ಕಡಿಮೆ ಖರ್ಚಲ್ಲಿ ತೆಗೆದ ಕೌಬಾಯ್ ಸಿನಿಮಾಗಳು) ಮೊದ್ಲೇ ಚಿಕ್ಕವು, ಹೆಚ್ಚುಕಮ್ಮಿ ಒಂದು ಗಂಟೆ, ಆಮೇಲೆ ಟೀವಿ ಬಂದಾಗ ಜಾಹೀರಾತಿಗೂ ಜಾಗ ಬೇಕು ಅಂತ ಎಷ್ಟೋ ಸಿನಿಮಾನ 53-54 ನಿಮಿಷಕ್ಕೆ ಕತ್ತರಿಸಿದ್ರು, ಅದ್ರಲ್ಲಿ ಹಾಡುಗಳೂ ಹೋದ್ವು. ಯೂಟ್ಯೂಬಲ್ಲಿ ಫ್ರೀಯಾಗಿ ಸಿಗೋದು ಅಷ್ಟೇ ಉದ್ದ ಇದ್ರೆ ಬಿಟ್ಬಿಡಿ, ಬೇರೆ ಹುಡುಕಿ. ಆಟ್ರಿದು ರಿಸ್ಟೋರ್ ಆಗಿರೋ ಪೂರ್ತಿ ಡಿವಿಡಿಗಳಿವೆ, ಅವು ಸಿಕ್ರೆ ಬೆಸ್ಟ್.

ಶುರು ಮಾಡೋದು 1935ರ 'ಟಂಬ್ಲಿಂಗ್ ಟಂಬಲ್‌ವೀಡ್ಸ್'ಇಂದ. ಮನೆ ಬಿಟ್ಟು ಹೋಗಿದ್ದ ಮಗ (ಆಟ್ರಿ), ಹಾಡು ಹೇಳ್ಕೊಂಡು ಔಷಧಿ ಮಾರೋ ತಂಡದ ಜೊತೆ ವಾಪಸ್ ಬರ್ತಾನೆ, ಬಂದ್ರೆ ಅಪ್ಪನ ಕೊಲೆಯಾಗಿದೆ. ಹಾಡೋದೇ ಅವನ ಕೆಲಸ ಆದ್ದರಿಂದ ಹಾಡು ಎಲ್ಲಿಂದ ಬಂತು ಅನ್ನೋ ಪ್ರಶ್ನೇನೇ ಬರಲ್ಲ. ಪಕ್ಕದಲ್ಲಿ ಸ್ಮೈಲಿ ಬರ್ನೆಟ್ ಇರ್ತಾರೆ, ಅವರ ಕಾಮಿಡಿ ನಂಗಂತೂ ತುಂಬಾ ಇಷ್ಟ.

ಇನ್ನೊಂದು, ಆಟ್ರಿ ಸಿನಿಮಾಗಳಲ್ಲಿ ಕುದುರೆ ಜೊತೆಗೇ ಕಾರು, ರೇಡಿಯೋ, ಟೆಲಿಫೋನ್ ಎಲ್ಲಾ ಬಂದುಬಿಡುತ್ತೆ, ಇದ್ಯಾವ ಕಾಲ ಅಂತ ತಲೆ ಕೆಡಿಸ್ಕೋಬೇಡಿ, ಆ ಲೋಕ ಇರೋದೇ ಹಾಗೆ.

ಎರಡನೇದಾಗಿ 1938ರ 'ಅಂಡರ್ ವೆಸ್ಟರ್ನ್ ಸ್ಟಾರ್ಸ್' ನೋಡಿ. ಆಟ್ರಿಗೂ ರಿಪಬ್ಲಿಕ್ ಸ್ಟುಡಿಯೋಗೂ ಕಾಂಟ್ರ್ಯಾಕ್ಟ್ ವಿಷಯದಲ್ಲಿ ಜಗಳ ಆಗಿ ಅವರು ಹೊರಗೆ ನಡೆದ್ರು, ಆ ಜಾಗಕ್ಕೆ ರಾಯ್ ರಾಜರ್ಸ್ ಬಂದ್ರು, ಹೀರೋ ಆಗಿ ಅವರ ಮೊದಲ ಸಿನಿಮಾ ಇದು. ಬರ, ಧೂಳು, ನೀರಿಲ್ಲದೆ ಒದ್ದಾಡೋ ರೈತರು, ಅವರ ಪರವಾಗಿ ಹೀರೋ ಎಲೆಕ್ಷನ್ ಗೆದ್ದು ವಾಷಿಂಗ್ಟನ್‌ಗೆ ಹೋಗ್ತಾನೆ. ಅಲ್ಲಿ ದೊಡ್ಡ ಮನುಷ್ಯರ ಮುಂದೆ ಧೂಳಿನ ಬಿರುಗಾಳಿಯ ಫಿಲಂ ತೋರಿಸ್ತಾ 'ಡಸ್ಟ್' ಅನ್ನೋ ಹಾಡು ಹಾಡ್ತಾನೆ, ಆಸ್ಕರ್‌ಗೆ ನಾಮಿನೇಟ್ ಆದ ಹಾಡು ಅದು. ಭಾಷಣದಲ್ಲಿ ಹೇಳೋಕಾಗದ್ದನ್ನ ಆ ಹಾಡು ಹೇಳುತ್ತೆ, ದಯವಿಟ್ಟು ಅಲ್ಲಿ ಫಾರ್ವರ್ಡ್ ಮಾಡ್ಬೇಡಿ, ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಹೊಡೆದಾಟ, ಕುದುರೆ ಚೇಸು ಎಲ್ಲಾ ವೆಸ್ಟರ್ನಲ್ಲೂ ಸಿಗುತ್ತೆ, ಇದು ಸಿಗಲ್ಲ.

ಇಷ್ಟ ಆದ್ರೆ ಮುಂದೆ 1944ರ 'ದ ಕೌಬಾಯ್ ಅಂಡ್ ದ ಸೆನೊರೀಟಾ', ರಾಯ್ ಮತ್ತು ನಟಿ ಡೇಲ್ ಇವಾನ್ಸ್ ಜೋಡಿಯ ಮೊದಲ ಸಿನಿಮಾ. ಮನೇಲಿ ಮಕ್ಕಳಿದ್ರೆ ಜೊತೆಗೆ ಕೂರಿಸ್ಕೊಳ್ಳಿ, ರಾಯ್ ಕುದುರೆ ಟ್ರಿಗರ್ ಅಂದ್ರೆ ಅವ್ರಿಗೆ ಇಷ್ಟ ಆಗೇ ಆಗುತ್ತೆ.