ಜಗಲಿಯ ಮೇಲಿನ ಜಗಳ: ಎರಡು ನಾಯಿಗಳನ್ನು ಸಾಕಿದ ನನ್ನ ಅನುಭವ

ತೀರ್ಥಹಳ್ಳಿ ಸಮೀಪದ ನಮ್ಮ ತೋಟದ ಮನೆಯಲ್ಲಿ ಕರಿಯ, ಕೆಂಚ ಎಂಬ ಎರಡು ಗಂಡುನಾಯಿಗಳಿವೆ. ಕೆಂಚನಿಗೆ ಎರಡು ವರ್ಷ ತುಂಬುವವರೆಗೆ ಅವೆರಡೂ ಒಂದೇ ಗೋಣಿಚೀಲದ ಮೇಲೆ ಮಲಗುತ್ತಿದ್ದವು. ಆ ವರ್ಷದ ಆಷಾಢದ ಮಳೆಯಲ್ಲಿ ಹೊರಗೆ ತಿರುಗಲಾಗದೆ ಇಡೀ ದಿನ ಮನೆಯಲ್ಲೇ ಉಳಿಯಬೇಕಾಗಿ ಬಂದಾಗ, ಬಚ್ಚಲ ಒಲೆಯ ಪಕ್ಕದ ಬೆಚ್ಚನೆಯ ಜಾಗಕ್ಕಾಗಿ ಮೊದಲ ಜಗಳವಾಯಿತು. ಮೂರನೆಯ ಜಗಳದಲ್ಲಿ ಕೊರಳಪಟ್ಟಿ ಹಿಡಿದು ಬಿಡಿಸಲು ಹೋದ ನನ್ನ ಮುಂಗೈಗೆ ಹಲ್ಲು ನಾಟಿತು. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಆರಂಭಿಸಿದೆ.

ತಪ್ಪು ನನ್ನದೇ ಆಗಿತ್ತು. ಅದಕ್ಕೂ ಮೊದಲು ಹಲವು ವಾರಗಳಿಂದ ಕರಿಯ ಗುರುಗುಟ್ಟುತ್ತಿದ್ದ. ನಾನು ಪ್ರತಿ ಬಾರಿಯೂ ಗದರಿಸಿ ಸುಮ್ಮನಾಗಿಸುತ್ತಿದ್ದೆ. ಗುರುಗುಟ್ಟುವುದು ನಿಂತಿತು, ಆದರೆ ಅವನ ಅಸಹನೆ ನಿಲ್ಲಲಿಲ್ಲ. ದೂರ ಇರು ಎಂದು ಹೇಳುವ ದಾರಿಯನ್ನು ನಾನೇ ಮುಚ್ಚಿದ್ದರಿಂದ ಅವನು ನೇರವಾಗಿ ಕಚ್ಚತೊಡಗಿದ. ಆಮೇಲೆ ಗಮನವಿಟ್ಟು ನೋಡಿದಾಗ, ಮೈ ಸೆಟೆದು ನಿಲ್ಲುವುದು, ರೆಪ್ಪೆ ಬಡಿಯದೆ ದಿಟ್ಟಿಸುವುದು, ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುವುದು, ಇವೆಲ್ಲ ಕಚ್ಚಾಟಕ್ಕೆ ಮೊದಲೇ ಕಾಣುತ್ತವೆ ಎಂಬುದು ತಿಳಿಯಿತು.

ಪಶುವೈದ್ಯರು ಪರೀಕ್ಷಿಸಿದಾಗ ಕರಿಯನ ಕಿವಿಯೊಳಗೆ ಸೋಂಕು ಇರುವುದು ಗೊತ್ತಾಯಿತು. ನೋವಿರುವ ನಾಯಿ ಮತ್ತೊಂದು ಹತ್ತಿರ ಬಂದರೂ ಸಹಿಸದು. ಆದ್ದರಿಂದ, ಹೊಂದಿಕೊಂಡಿದ್ದ ನಾಯಿಗಳು ಹಠಾತ್ತನೆ ಕಾದಾಡತೊಡಗಿದರೆ ಮೊದಲು ವೈದ್ಯರಿಗೆ ತೋರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚಿಕಿತ್ಸೆ ಮುಗಿಯುವವರೆಗೆ ಅವುಗಳನ್ನು ಬೇರೆ ಬೇರೆ ಇರಿಸಿದೆವು. ಬಳಿಕ ನಾನೊಂದನ್ನು, ನನ್ನ ತಮ್ಮನೊಂದನ್ನು ಹಿಡಿದು, ತೋಟದ ದಾರಿಯಲ್ಲಿ ಸಾಕಷ್ಟು ಅಂತರವಿಟ್ಟು ಒಂದೇ ದಿಕ್ಕಿಗೆ ನಡೆಸಿದೆವು; ಒಂದನ್ನೊಂದು ದಿಟ್ಟಿಸದೆ ನೆಲ ಮೂಸುತ್ತ ಸಾಗುವಂತಾದ ಮೇಲಷ್ಟೇ ದಿನದಿನಕ್ಕೆ ಅಂತರ ಕಡಿಮೆ ಮಾಡಿದೆವು. ಹಿರಿಯ ನಾಯಿಗೆ ಮೊದಲು ಅನ್ನ ಹಾಕಿದರೆ ಸರಿಹೋಗುತ್ತದೆ ಎಂದು ಅಮ್ಮ ಹೇಳಿದ್ದರು; ಅದರಿಂದ ಪ್ರಯೋಜನವಾಗಲಿಲ್ಲ. ಒಬ್ಬನಿಗೆ ಹಿತ್ತಿಲಿನಲ್ಲಿ, ಇನ್ನೊಬ್ಬನಿಗೆ ಅಂಗಳದಲ್ಲಿ ಹಾಕಿ, ತಿಂದು ಮುಗಿದ ಕೂಡಲೇ ತಟ್ಟೆ ಎತ್ತಿಡುವುದರಿಂದ ಆಯಿತು. ಕೊಟ್ಟಿಗೆಯ ಮೂಲೆಯಲ್ಲಿ ಒಣಹುಲ್ಲು ಹಾಸಿ ಮತ್ತೊಂದು ಬೆಚ್ಚನೆಯ ಜಾಗ ಮಾಡಿದೆವು. ಬೇಲಿಯ ಬಾಗಿಲಾದ ದಣಪೆಯ ಬಳಿ ಬೇರೆ ನಾಯಿ ಹಾದುಹೋದಾಗ ಅದನ್ನು ತಲುಪಲಾರದೆ ಇವೆರಡೂ ಪರಸ್ಪರ ಎಗರುತ್ತಿದ್ದುದರಿಂದ, ರಸ್ತೆ ಕಾಣದಂತೆ ಅಲ್ಲಿಗೆ ಅಡಕೆ ಸೋಗೆಯ ತಟ್ಟಿ ಕಟ್ಟಿದೆವು.

ಕಾದಾಟ ಆರಂಭವಾದರೆ ಕೈ ಹಾಕಬಾರದು. ಜಗಲಿಯಲ್ಲಿ ಈಗ ಒಂದು ಅಗಲವಾದ ಹಲಗೆಯನ್ನೂ ದಪ್ಪ ಕಂಬಳಿಯನ್ನೂ ಇಟ್ಟಿದ್ದೇನೆ. ಹಲಗೆಯನ್ನು ನಡುವೆ ತೂರಿಸಿದರೆ ಒಂದಕ್ಕೊಂದು ಕಾಣುವುದಿಲ್ಲ. ಕಚ್ಚಿದ ಗಾಯ ರೋಮದಡಿ ಅಡಗಿರುತ್ತದೆ, ಹೊರಗೆ ಸಣ್ಣ ತೂತಾಗಿ ಕಂಡರೂ ಒಳಗೆ ಆಳವಾಗಿದ್ದು ಕೀವು ತುಂಬಬಹುದು. ಬೆರಳಿನಿಂದ ರೋಮ ಸರಿಸಿ ಇಡೀ ಮೈ ನೋಡಲೇಬೇಕು.

ಈಗಲೂ ಮನೆಯಲ್ಲಿ ಯಾರೂ ಇಲ್ಲದಾಗ ಅವೆರಡನ್ನು ಒಟ್ಟಿಗೆ ಬಿಡುವುದಿಲ್ಲ. ಒಲೆಯ ಬಳಿ ಕರಿಯ ಗುರುಗುಟ್ಟಿದರೆ ನಾನು ಗದರಿಸುವುದಿಲ್ಲ. ಕೆಂಚನನ್ನು ಕೊಟ್ಟಿಗೆಯ ಕಡೆಗೆ ಕರೆದುಕೊಂಡು ಹೋಗುತ್ತೇನೆ.